ಶರದೃತುವಿನ ಮದುವೆಚಪ್ಪರ

ಕಳೆದ ವರ್ಷ ನವರಾತ್ರಿ ಮುಗಿದ ಮರುವಾರ ನನ್ನ ತಂಗಿಯ ಮಗಳು ಬೆಂಗಳೂರಿನಿಂದ ಊರಿಗೆ ಬಂದಳು. ಮಾರ್ಗಶಿರ ಮಾಸದಲ್ಲಿ ಅವಳ ಮದುವೆ ನಿಶ್ಚಯವಾಗಿತ್ತು. ರಾತ್ರಿಯ ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಕುಳಿತಿದ್ದಾಗ ಅವಳು ನನ್ನ ಮಗ್ಗುಲಿಗೆ ಬಂದು, ಮೊಬೈಲಿನ ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ತೋರಿಸತೊಡಗಿದಳು. “ದೊಡ್ಡಮ್ಮ, ಇದನ್ನು ನೋಡಿ. ಶರತ್ಕಾಲದ ಹಳ್ಳಿಯ ಅಲಂಕಾರವಂತೆ. ಈಗ ಎಲ್ಲರೂ ಇದನ್ನೇ ಮಾಡಿಸುತ್ತಾರೆ. ನನ್ನ ಮದುವೆಯೂ ಹೆಚ್ಚುಕಡಿಮೆ ಆ ಕಾಲಕ್ಕೇ ಬರುತ್ತದಲ್ಲ?” ಎಂದಳು.

ಚಿತ್ರಗಳು ಸುಂದರವಾಗಿಯೇ ಇದ್ದವು. ಕೆಂಪು, ಕಿತ್ತಳೆ, ತುಕ್ಕುಗಂದು ಬಣ್ಣದ ಮೇಪಲ್ ಎಲೆಗಳ ಮಾಲೆ. ಬಾಗಿಲ ಇಕ್ಕೆಲದಲ್ಲಿ ಪೇರಿಸಿಟ್ಟ ಕುಂಬಳಕಾಯಿಗಳು. ಗೋಧಿಯ ತೆನೆಗಳ ಕಟ್ಟು. ಒಣಹುಲ್ಲಿನ ಪಿಂಡಿಗಳ ಮೇಲೆ ಕಂಬಳಿ ಹಾಸಿ ಮಾಡಿದ ಆಸನ. ಮರದ ಬೊಡ್ಡೆಯನ್ನು ಅಡ್ಡಕ್ಕೆ ಕೊಯ್ದ ಬಿಲ್ಲೆಗಳ ಮೇಲೆ ಉರಿಯುವ ಮೇಣದ ಬತ್ತಿ. ಅಲಂಕಾರದ ಗುತ್ತಿಗೆದಾರರೊಬ್ಬರು ಇವೆಲ್ಲವನ್ನೂ ನಮ್ಮ ಪೇಟೆಯ ಕಲ್ಯಾಣಮಂಟಪದಲ್ಲಿ ನಿಲ್ಲಿಸಿಕೊಡುವುದಾಗಿ ಒಪ್ಪಿದ್ದರು. ಎಲೆಗಳು ಪ್ಲಾಸ್ಟಿಕ್ಕಿನವು, ಕುಂಬಳಕಾಯಿ ಫೈಬರಿನದು, ತೆನೆಗಳು ಬಣ್ಣ ಬಳಿದ ಕಾಗದದವು. ಅವರು ಕೇಳಿದ ಹಣವಾದರೋ, ಎಲೆಚುಕ್ಕಿ ರೋಗದಿಂದ ಸೊರಗಿದ ತೋಟದಿಂದ ನನ್ನ ತಂಗಿಯ ಯಜಮಾನರಿಗೆ ಆ ವರ್ಷ ಬರಬಹುದಾಗಿದ್ದ ಆದಾಯದ ಮೂರರಲ್ಲೊಂದು ಪಾಲು. ಅವರು ಕಂಬಕ್ಕೊರಗಿ ಕುಳಿತು ಏನೂ ಮಾತಾಡಲಿಲ್ಲ. ಒಬ್ಬಳೇ ಮಗಳು, ಬೇಡವೆನ್ನಲು ಅವರಿಗೆ ಬಾಯಿ ಬಾರದು.

ನನಗೆ ನಗು ಬಂತು; ಆದರೆ ನಗಲಿಲ್ಲ. ಎಂಟು ವರ್ಷ ಮೂರನೆಯ ಮಹಡಿಯ ಕೋಣೆಯೊಂದರಲ್ಲಿ ಬದುಕಿದ ಹುಡುಗಿ, ತನ್ನ ಮದುವೆಯ ದಿನ ಎಲೆ, ಹುಲ್ಲು, ತೆನೆ, ಕಾಯಿಗಳ ನಡುವೆ ನಿಲ್ಲಬೇಕೆಂದು ಬಯಸಿದರೆ ಅದರಲ್ಲಿ ನಗುವಂಥದ್ದೇನಿದೆ? ಬಯಕೆ ಸರಿಯಾಗಿಯೇ ಇತ್ತು. ಅದು ಹೋಗಿ ತಟ್ಟಿದ ಬಾಗಿಲು ಮಾತ್ರ ಬೇರೆಯವರದಾಗಿತ್ತು. ಶರತ್ಕಾಲಕ್ಕೂ ಮದುವೆಯ ಅಲಂಕಾರಕ್ಕೂ ಇರುವ ಸಂಬಂಧವೇನು, ಆ ಸಂಬಂಧ ನಮ್ಮ ನೆಲದಲ್ಲಿ ಯಾವ ರೂಪ ತಾಳುತ್ತದೆ ಎಂಬುದನ್ನು ಅಂದಿನಿಂದ ಯೋಚಿಸುತ್ತ ಬಂದಿದ್ದೇನೆ. ಆ ಯೋಚನೆಯನ್ನೇ ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ಮೊದಲು ಆ ಮೇಪಲ್ ಎಲೆಯ ಮಾತು. ಯೂರೋಪು, ಉತ್ತರ ಅಮೆರಿಕಗಳ ಸಮಶೀತೋಷ್ಣ ಪ್ರದೇಶಗಳಲ್ಲಿ ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಹಗಲು ಬಲುಬೇಗ ಕುಗ್ಗುತ್ತದೆ, ಚಳಿ ಏರುತ್ತದೆ. ಮುಂದೆ ನೆಲದ ನೀರೇ ಹೆಪ್ಪುಗಟ್ಟುವ ಕಾಲ. ಅಗಲವಾದ ಮೆದು ಎಲೆಗಳನ್ನು ಆಗ ಸಾಕುವುದು ಮರಕ್ಕೆ ನಷ್ಟದ ವ್ಯಾಪಾರ. ಆದ್ದರಿಂದ ಮರವು ಎಲೆಯಲ್ಲಿರುವ ಹಸಿರನ್ನು ಒಡೆದು, ಅದರ ಸಾರವನ್ನು ಕೊಂಬೆ ಬೇರುಗಳಿಗೆ ಹಿಂದೆಗೆದುಕೊಳ್ಳುತ್ತದೆ. ಹಸಿರು ಸರಿದಾಗ, ಅದರ ಅಡಿಯಲ್ಲಿ ಮೊದಲಿನಿಂದಲೂ ಅಡಗಿದ್ದ ಹಳದಿ ಮತ್ತು ಕಿತ್ತಳೆ ಬಣ್ಣಗಳು ಹೊರಬೀಳುತ್ತವೆ. ಮೇಪಲ್‌ನಂತಹ ಕೆಲವು ಮರಗಳು ಆ ಕೊನೆಯ ದಿನಗಳಲ್ಲಿ ಹೊಸದಾಗಿ ಕೆಂಪು ಬಣ್ಣವನ್ನೂ ತಯಾರಿಸುತ್ತವೆ. ಆ ಕಾಲಕ್ಕೆ ಸರಿಯಾಗಿ ಅಲ್ಲಿಯ ಹೊಲಗಳ ಕೊಯ್ಲೂ ಮುಗಿದು ಕಣಜ ತುಂಬಿರುತ್ತದೆ, ಕುಂಬಳಕಾಯಿ ಬಲಿತಿರುತ್ತದೆ. ಇಂಗ್ಲೆಂಡಿನ ಹಳ್ಳಿಗರು ಕೊಯ್ಲಿನ ಕೊನೆಯ ಸಿವುಡಿನ ಹುಲ್ಲನ್ನು ಹೆಣೆದು ಗೊಂಬೆ ಮಾಡಿ ಮನೆಯಲ್ಲಿಡುತ್ತಿದ್ದರು. ಅದರಲ್ಲಿ ಧಾನ್ಯದ ಜೀವವಿರುತ್ತದೆಂದು ಅವರ ನಂಬಿಕೆ. ಅಂತಹ ನಾಡಿನ ಹುಡುಗಿ ಕೆಂಪೆಲೆಯ ಮಾಲೆಯ ಕೆಳಗೆ, ಗೋಧಿಯ ತೆನೆ ಹಿಡಿದು ಮದುವೆಯಾದರೆ ಅದು ಅವಳ ಬೇಲಿಯ ಮರ, ಅವಳ ಹೊಲದ ತೆನೆ. ಆ ಅಲಂಕಾರ ಅಲ್ಲಿ ನಿಜವಾದದ್ದು.

ಇನ್ನು ನಮ್ಮ ಕಡೆಗೆ ತಿರುಗೋಣ. ನಮ್ಮ ಪಂಚಾಂಗದಲ್ಲಿ ಆಶ್ವಯುಜ, ಕಾರ್ತಿಕ ಮಾಸಗಳು ಸೇರಿ ಶರದೃತು. ಈ ಎರಡು ತಿಂಗಳಲ್ಲಿ ನಮ್ಮ ಮರಗಳು ಎಲೆ ಉದುರಿಸುವುದಿಲ್ಲ. ನಮ್ಮ ಕಾಡಿನಲ್ಲಿ ಎಲೆಯುದುರುವುದಕ್ಕೆ ಕಾರಣ ಹಿಮವಲ್ಲ, ನೀರಿನ ಕೊರತೆ; ಅದು ನಡೆಯುವುದು ಮಾಘ ಫಾಲ್ಗುಣಗಳಲ್ಲಿ, ಅಂದರೆ ಶಿಶಿರದಲ್ಲಿ. ಶರತ್ತಿನಲ್ಲಾದರೋ ಕೆರೆ ತುಂಬಿದೆ, ಕೆಸರು ತಳಕ್ಕಿಳಿದು ನೀರು ತಿಳಿಯಾಗಿದೆ, ಗದ್ದೆಯಲ್ಲಿ ಭತ್ತ ಹೊಡೆ ಬಿಚ್ಚಿ ತೆನೆ ತೂಗಿದೆ, ಬಯಲುಸೀಮೆಯಲ್ಲಿ ಹುಚ್ಚೆಳ್ಳಿನ ಹೊಲ ಅರಿಸಿನ ಚೆಲ್ಲಿದಂತೆ ಹೂತಿದೆ. ವರ್ಷದಲ್ಲಿ ಭೂಮಿ ಅತ್ಯಂತ ತುಂಬಿಕೊಂಡಿರುವ ಕಾಲ ನಮಗೆ ಇದು. ಅವರ ಶರತ್ಕಾಲ ಬೀಳ್ಕೊಡುಗೆಯದಾದರೆ ನಮ್ಮದು ತುಂಬುಬಸುರಿಯದು. ಒಣಗಿದ ಕೆಂಪೆಲೆಯನ್ನು ತಂದು ಈ ಕಾಲದ ನಮ್ಮ ಬಾಗಿಲಿಗೆ ಕಟ್ಟಿದರೆ, ಪಂಚಾಂಗದ ಪುಟ ತಪ್ಪಿ ತೆರೆದಂತಾಗುತ್ತದೆ.

ಇದು ನನ್ನ ಸ್ವಂತ ಕಲ್ಪನೆಯೇನೂ ಅಲ್ಲ. ನಮ್ಮ ಕಾವ್ಯಮೀಮಾಂಸಕರು ಮಹಾಕಾವ್ಯದಲ್ಲಿ ಇರಬೇಕೆಂದು ಹೇಳಿದ ಹದಿನೆಂಟು ವರ್ಣನೆಗಳಲ್ಲಿ ಋತುವೂ ಒಂದು, ವಿವಾಹವೂ ಒಂದು. ಈ ಎರಡನ್ನೂ ಒಂದೇ ನೋಟದಲ್ಲಿ ಕೂಡಿಸಿ ಕಂಡವನು ಕಾಳಿದಾಸ. ಅವನದೆಂದು ಪ್ರಸಿದ್ಧವಾಗಿರುವ ಋತುಸಂಹಾರದಲ್ಲಿ ಶರತ್ತು ಬರುವುದೇ ನವವಧುವಿನ ರೂಪದಲ್ಲಿ. ಕುಮಾರಸಂಭವದ ಏಳನೆಯ ಸರ್ಗದಲ್ಲಿ ಮಂಗಳಸ್ನಾನ ಮುಗಿಸಿ ಶುಭ್ರವಸ್ತ್ರವುಟ್ಟು ಬಂದ ಪಾರ್ವತಿಯನ್ನು ಅವನು ಹೋಲಿಸುವುದು, ಮಳೆಯಲ್ಲಿ ಮಿಂದು ಕಾಶಪುಷ್ಪಗಳನ್ನು ಧರಿಸಿದ ಭೂಮಿಗೆ. ಕಾಶವೆಂದರೆ ಕಬ್ಬಿನ ಜಾತಿಗೆ ಸೇರಿದ, ಹೊಳೆಯ ದಡಗಳಲ್ಲಿ ತಾನಾಗಿ ಬೆಳೆದು ಮಳೆಗಾಲ ಮುಗಿಯುತ್ತಲೇ ಬಿಳಿಯ ತುರಾಯಿ ಬಿಡುವ ಒಂದು ಹುಲ್ಲು. ಪರ್ವತರಾಜನ ಮಗಳ ಮದುವೆ, ರತ್ನಗಳಿಗೆ ಕೊರತೆಯಿಲ್ಲ. ಆದರೂ ಅಲ್ಲಿ ಅವಳ ಮುಡಿಗೆ ಕಟ್ಟುವುದು ಗರಿಕೆ ಸೇರಿಸಿದ ಇಪ್ಪೆಹೂವಿನ ಮಾಲೆಯನ್ನು. ಕಿವಿಗೆ ಇಡುವುದು ಜವೆಗೋಧಿಯ ಎಳೆ ಮೊಳಕೆಯನ್ನು. ನನ್ನ ತಂಗಿಯ ಮಗಳು ಬಯಸಿದ ‘ಹಳ್ಳಿಯ ಅಲಂಕಾರ’ವನ್ನು ಕವಿ ಎಂದೋ ಜಗನ್ಮಾತೆಗೆ ತೊಡಿಸಿದ್ದಾನೆ ಎಂದು ನಾನು ಅವಳಿಗೆ ಹೇಳಿದಾಗ, ಅವಳು ಮೊಬೈಲನ್ನು ಕೆಳಗಿಟ್ಟು ಕೇಳಿದಳು: “ಹಾಗಾದರೆ ನಮ್ಮ ಕಾಲಕ್ಕೆ ಏನೇನು ಸಿಗುತ್ತದೆ, ದೊಡ್ಡಮ್ಮ?”

ಉತ್ತರ ನಮ್ಮ ಅಂಗಳದಲ್ಲೇ ಇತ್ತು. ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕ ಶುದ್ಧ ಏಕಾದಶಿಯವರೆಗೆ ಚಾತುರ್ಮಾಸ್ಯ. ಆ ನಾಲ್ಕು ತಿಂಗಳು ಸಂಪ್ರದಾಯಸ್ಥರ ಮನೆಗಳಲ್ಲಿ ಮದುವೆಗಳಿಲ್ಲ. ಮಳೆಗಾಲದಲ್ಲಿ ದಾರಿ ಕೆಸರು, ಹೊಳೆ ಅಡ್ಡ, ಗದ್ದೆಯ ಕೆಲಸ ಕೈತುಂಬ. ಶಾಸ್ತ್ರ ಹೇಳಿದ್ದೂ ಅನುಕೂಲ ಹೇಳಿದ್ದೂ ಒಂದೇ ಆಯಿತು. ಆ ತಡೆ ಕಳೆದ ಮರುದಿನವೇ ಉತ್ಥಾನ ದ್ವಾದಶಿ. ಅಂದು ತುಳಸಿಯ ಮದುವೆ. ಹಂಗಾಮಿನ ಮೊದಲ ಮದುವೆ ಅದು, ನಡೆಯುವುದು ಪ್ರತಿ ಮನೆಯ ಅಂಗಳದಲ್ಲಿ. ಡಿಸೆಂಬರ್ ನಡುವಿನಲ್ಲಿ ಧನುರ್ಮಾಸ ಹೊಕ್ಕರೆ ಮತ್ತೆ ತಡೆ. ಈ ನಡುವಣ ಕೆಲವೇ ವಾರಗಳು ನಮ್ಮ ಶರತ್ಕಾಲದ ಮದುವೆಗಳ ಕಾಲ. ಮಾರ್ಗಶಿರವು ಲೆಕ್ಕಕ್ಕೆ ಹೇಮಂತವಾದರೂ ಅದರ ಅಲಂಕಾರದ ಸಾಮಗ್ರಿಯೆಲ್ಲ ಶರತ್ತು ಬೆಳೆಸಿಟ್ಟದ್ದೇ.

ತುಳಸಿಯ ಮದುವೆಯ ಅಲಂಕಾರವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಕಾಯಿ ಬಿಟ್ಟ ನೆಲ್ಲಿಯ ಕೊಂಬೆಯೇ ವರ. ಎಷ್ಟೋ ಕಡೆ ಕಬ್ಬಿನ ಜಲ್ಲೆಗಳನ್ನು ನಿಲ್ಲಿಸಿ, ತುದಿಯ ಗರಿಗಳನ್ನು ಒಂದಕ್ಕೊಂದು ಬಿಗಿದು ಮಂಟಪ ಕಟ್ಟುತ್ತಾರೆ. ಕೆಲವರು ಹುಣಸೆಯ ಕಾಯಿಗೊಂಬೆಯನ್ನೂ ಸೇರಿಸುತ್ತಾರೆ. ಕಟ್ಟೆಯ ಸುತ್ತ ಸೇವಂತಿಗೆ, ಚೆಂಡುಹೂ. ನೆಲ್ಲಿಕಾಯಿಯನ್ನು ಎರಡು ಹೋಳು ಮಾಡಿ, ತುಪ್ಪದ ಬತ್ತಿಯಿಟ್ಟರೆ ಅದೇ ದೀಪ. ಇದರಲ್ಲಿ ಆ ತಿಂಗಳು ಬಲಿಯದ ವಸ್ತು ಒಂದೂ ಇಲ್ಲ. ನೆಲ್ಲಿ ಕಾಯಿಯಾಗುವ ಕಾಲ, ಹುಣಸೆ ಕಾಯಿ ಜೋತುಬಿದ್ದ ಕಾಲ, ಕಬ್ಬಿನಲ್ಲಿ ರಸ ತುಂಬಿದ ಕಾಲ, ಸೇವಂತಿಗೆ ಅರಳುವ ಕಾಲ. ಋತುವು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ತಂದು ನಿಲ್ಲಿಸಿದರೆ ಅದೇ ಮಂಟಪವಾಗುತ್ತದೆ ಎಂಬ ಪಾಠವನ್ನು ನಮ್ಮ ಹಿರಿಯರು ಪ್ರತಿವರ್ಷ, ಪ್ರತಿ ಅಂಗಳದಲ್ಲಿ, ಮಕ್ಕಳ ಕಣ್ಣಮುಂದೆ ಮಾಡಿ ತೋರಿಸುತ್ತಿದ್ದರು.

ಈಗ ಹೂವಿನ ವಿಚಾರ. ಮದುವೆಯೆಂದರೆ ಮಲ್ಲಿಗೆ ಎಂದು ನಮಗೆ ರೂಢಿಯಾಗಿದೆ. ಆದರೆ ಮಲ್ಲಿಗೆಗೆ ಬೇಕಾದದ್ದು ಬಿಸಿಲು. ಚಳಿ ಬೀಳುತ್ತಿದ್ದಂತೆ ಅದರ ಮೊಗ್ಗು ಕಡಿಮೆಯಾಗುತ್ತದೆ, ಬೆಲೆ ಗಗನಕ್ಕೇರುತ್ತದೆ. ಕಾರ್ತಿಕ, ಮಾರ್ಗಶಿರಗಳ ರಾಣಿ ಸೇವಂತಿಗೆ. ಇದರ ಗುಟ್ಟು ಸ್ವಾರಸ್ಯವಾದದ್ದು. ಗಿಡಗಳು ಹೂಬಿಡುವ ಕಾಲವನ್ನು ಹಗಲಿನ ಉದ್ದದಿಂದ ಅರಿಯುತ್ತವೆಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಗಿಡ ನಿಜವಾಗಿ ಅಳೆಯುವುದು ರಾತ್ರಿಯ ಉದ್ದವನ್ನು ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ಸೇವಂತಿಗೆ ದೀರ್ಘರಾತ್ರಿಯ ಗಿಡ. ಬೆಂಗಳೂರಿನ ಅಕ್ಷಾಂಶದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ನಮ್ಮ ಗಮನಕ್ಕೇ ಬಾರದಷ್ಟು ಮೆಲ್ಲಗೆ ನಡೆಯುವ ಈ ಏರಿಳಿತವನ್ನು ಆ ಸಣ್ಣ ಗಿಡ ಲೆಕ್ಕವಿಟ್ಟು, ಇರುಳು ಸಾಕಷ್ಟು ಬೆಳೆಯಿತೆಂದು ತಿಳಿದ ಮೇಲೆ ಮೊಗ್ಗು ಕಟ್ಟುತ್ತದೆ. ಬೆಳೆಗಾರರು ರಾತ್ರಿ ದೀಪ ಉರಿಸಿಯೋ ಹಗಲು ಕಪ್ಪು ಪರದೆ ಹಾಸಿಯೋ ಅದನ್ನು ಅಕಾಲದಲ್ಲಿ ಅರಳಿಸಬಲ್ಲರು. ಆದರೆ ಸಹಜವಾಗಿ ಬಯಲಿನಲ್ಲಿ ಅರಳಿದ ಸೇವಂತಿಗೆಯನ್ನು ಮುಡಿದವಳು ಶರತ್ತಿನ ಮುದ್ರೆಯನ್ನೇ ಮುಡಿದಂತೆ.

ಚೆಂಡುಹೂವಿನ ಕತೆ ಇನ್ನೊಂದು ಬಗೆಯದು. ನಮ್ಮ ತೋರಣ, ಆಯುಧಪೂಜೆ, ದೀಪಾವಳಿಗಳಿಗೆ ಅದಿಲ್ಲದೆ ನಡೆಯದು. ಆದರೆ ಅದರ ತವರು ಮೆಕ್ಸಿಕೋ. ಪೋರ್ಚುಗೀಸರು ಬಂದ ಮೇಲೆಯೇ ಅದು ನಮ್ಮ ನಾಡು ಕಂಡದ್ದು. ಮೆಕ್ಸಿಕೋದ ಜನ ಇಂದಿಗೂ ನವೆಂಬರ್ ಮೊದಲ ದಿನಗಳಲ್ಲಿ ತಮ್ಮ ಪಿತೃಗಳ ಹಬ್ಬಕ್ಕೆ ಇದೇ ಹೂವನ್ನು ರಾಶಿ ರಾಶಿಯಾಗಿ ಚೆಲ್ಲುತ್ತಾರೆ. ಅಂದರೆ, ‘ನಮ್ಮದು’ ಎಂಬ ಮಾತನ್ನು ತುಂಬ ಬಿಗಿಯಾಗಿ ಹಿಡಿಯಬೇಕಾಗಿಲ್ಲ. ಹೊರಗಿನಿಂದ ಬಂದ ಬೀಜ ನಮ್ಮ ಮಣ್ಣಿನಲ್ಲಿ ಬೇರೂರಿ, ನಮ್ಮ ಮಳೆಗೆ ಚಿಗುರಿ, ನಮ್ಮ ಹಬ್ಬದ ಕಾಲಕ್ಕೆ ಹೂಬಿಟ್ಟರೆ ಅದು ನಮ್ಮದೇ. ಮೇಪಲ್ ಎಲೆಯ ಬಗೆಗೆ ನನ್ನ ತಕರಾರು ಅದು ಪರದೇಶದ್ದೆಂಬುದಲ್ಲ. ಅದು ಇಲ್ಲಿ ಬೆಳೆಯದೆ, ಬಾಡದೆ, ಗೊಬ್ಬರವಾಗದೆ, ಗೋದಾಮಿನಿಂದ ಬಂದು ಗೋದಾಮಿಗೇ ಮರಳುತ್ತದೆ ಎಂಬುದು ನನ್ನ ತಕರಾರು.

ಪೇಟೆಯ ಹೂವುಗಳಾಚೆ ಬದುವಿನ ಹೂವುಗಳಿವೆ. ಹಳೆಯ ಮೈಸೂರು ಸೀಮೆಯಲ್ಲಿ ದೀಪಾವಳಿಯ ಸೆಗಣಿಯ ಬೆನಕನಿಗೆ ಹುಚ್ಚೆಳ್ಳಿನ ಹೂ, ಅಣ್ಣೆಹೂ, ತಂಗಡಿಯ ಹೂಗಳನ್ನು ಸಿಕ್ಕಿಸುತ್ತಾರೆ. ನೆರೆಯ ತೆಲಂಗಾಣದ ಹೆಂಗಸರು ಆಶ್ವಯುಜದಲ್ಲಿ ಬತುಕಮ್ಮನನ್ನು ಕಟ್ಟುವುದೂ ಇದೇ ಅಣ್ಣೆ, ತಂಗಡಿಗಳಿಂದ. ಅಣ್ಣೆಯ ಜಾತಿಯದೇ ಆದ ಕೋಳಿಜುಟ್ಟಿನ ಹೂವಂತೂ ಒಣಗಿದ ಮೇಲೂ ಬಣ್ಣ ಬಿಡುವುದಿಲ್ಲ. ಆ ಚಿತ್ರಗಳಲ್ಲಿದ್ದ ಕೆಂಪು, ಹೊಂಬಣ್ಣ, ತುಕ್ಕುಗಂದು ಎಲ್ಲವೂ ನಮ್ಮ ಬೇಲಿಯ ಸಾಲಿನಲ್ಲೇ ಇವೆಯೆಂದು ತೋರಿಸಲು ನನಗೆ ಒಂದು ಸಂಜೆಯ ತಿರುಗಾಟ ಸಾಕಾಯಿತು.

ಹೂವಿಗಿಂತ ಹೆಚ್ಚಿನದು ಹಸಿರು. ನಮ್ಮ ಮದುವೆಯ ಅಲಂಕಾರದ ಮೂಲವೇ ಚಪ್ಪರ. ಉತ್ತರದವರ ಮಾತಿನಲ್ಲಿ ಹಂದರ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಚಪ್ಪರಕ್ಕೆ ಹೊದಿಸುವ ಸೊಪ್ಪನ್ನು ತರುವುದಕ್ಕೆ ‘ಹಸಿರುವಾಣಿ’ ಎಂಬ ಚೆಲುವಾದ ಹೆಸರಿದೆ. ಮೊದಲು ನೆಡುವುದು ಹಾಲುಗಂಬ. ಅತ್ತಿ, ಆಲಗಳಂತಹ ಹಾಲು ಸುರಿಯುವ ಮರದ ಕೊಂಬೆ. ಬಾಗಿಲಿಗೆ ಮಾವಿನ ಎಲೆಯ ತೋರಣ. ಮಾವಿನ ಎಲೆ ದಪ್ಪ, ಮೇಲೆ ಮೇಣದ ಹೊಳಪು, ಆದ್ದರಿಂದ ದಿನಗಳು ಕಳೆದರೂ ಮುದುಡದು. ಇಕ್ಕೆಲಗಳಲ್ಲಿ ಗೊನೆ ಸಹಿತವಾದ ಬಾಳೆಯ ಕಂದು. ಮಲೆನಾಡಿನಲ್ಲಿ ಅಡಿಕೆಯ ದಬ್ಬೆಯ ಚೌಕಟ್ಟು, ಸೋಗೆಯ ಹೊದಿಕೆ, ಹೊಂಬಾಳೆಯ ಕುಚ್ಚು.

ಇಲ್ಲಿ ಒಂದು ಕೈಕೆಲಸದ ಮಾತನ್ನು ಹೇಳಬೇಕು. ಇಂದಿನ ಅಲಂಕಾರದವರು ಹೂ ಸಿಕ್ಕಿಸಲು ಒಂದು ಬಗೆಯ ಹಸಿರು ಸ್ಪಂಜಿನ ಇಟ್ಟಿಗೆಯನ್ನು ಬಳಸುತ್ತಾರೆ. ಅದು 1950ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಪ್ಲಾಸ್ಟಿಕ್ ಜಾತಿಯ ವಸ್ತು, ಪುಡಿಯಾಗುತ್ತದೆ, ಕೊಳೆಯುವುದಿಲ್ಲ. ನಮ್ಮ ಅಜ್ಜಂದಿರು ಅದೇ ಕೆಲಸಕ್ಕೆ ಬಳಸುತ್ತಿದ್ದದ್ದು ಬಾಳೆದಿಂಡನ್ನು. ಬಾಳೆಯ ಕಾಂಡದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ತೆಂಗಿನ ಗರಿಯ ಕಡ್ಡಿಗೆ ಹೂ ಚುಚ್ಚಿ ದಿಂಡಿನಲ್ಲಿ ಊರಿದರೆ ಸಂಜೆಯವರೆಗೂ ತಂಪಾಗಿರುತ್ತದೆ. ಅದೇ ಬಾಳೆಯ ಪಟ್ಟೆಯನ್ನು ಸೀಳಿ ನೆನೆಸಿದರೆ ಹೂ ಕಟ್ಟುವ ನಾರು. ಕೆಲಸ ಮುಗಿದ ಮೇಲೆ ದಿಂಡು ದನಕ್ಕೆ ಮೇವು. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲನ್ನು ಸರ್ಕಾರ ದೇಶದಾದ್ಯಂತ ನಿಷೇಧಿಸಿತು. ನಮ್ಮ ಬಾಳೆಯ ತೋಟಕ್ಕೆ ಅಂತಹ ಕಾನೂನಿನ ಅಗತ್ಯವೇ ಬೀಳುವುದಿಲ್ಲ.

ತೆನೆಯ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಶರತ್ಕಾಲದ ಅಲಂಕಾರದ ಹೃದಯ ಅದು. ಆಶ್ವಯುಜದ ಹುಣ್ಣಿಮೆಯನ್ನು ನಮ್ಮ ಮಲೆನಾಡಿನವರು ಭೂಮಿ ಹುಣ್ಣಿಮೆ ಎನ್ನುತ್ತಾರೆ. ಭತ್ತ ಹೊಡೆಯಾದ ಗದ್ದೆ ಬಸುರಿ ಹೆಂಗಸು. ಅವಳ ಬಯಕೆ ತೀರಿಸುವ ಹಬ್ಬ ಅದು. ಅಂದು ಬೆಳಗಿನ ಜಾವ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಸಾಗರ, ಸೊರಬ ಕಡೆಯ ದೀವರ ಹೆಂಗಸರು ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಯನ್ನು ಅರೆದ ಬಿಳಿ, ಹುರಿದು ಕರಿದಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಅದೇ ಕೈಗಳು, ಅದೇ ಬಣ್ಣ, ಅದೇ ರೇಖೆಗಳು ಮದುವೆಯ ಮನೆಯಲ್ಲಿ ಹಸೆಗೋಡೆಯ ಚಿತ್ತಾರವಾಗುತ್ತವೆ. ವಧೂವರರು ಕೂರುವುದು ಅದರ ಮುಂದೆ. ಬಸುರಿಯಾದ ಭೂಮಿಗೂ ಹಸೆಗೇರುವ ಹುಡುಗಿಗೂ ಒಂದೇ ಶೃಂಗಾರ. ಹೊಸ ಭತ್ತದ ತೆನೆಗಳನ್ನು ಹೆಣೆದು ಬಾಗಿಲಿಗೆ ಕಟ್ಟುವ ತೋರಣವೂ ಆ ಜನರ ಕೈಯದೇ. ಕರಾವಳಿಯವರು ಹೊಸ ಕದಿರನ್ನು ಎಲೆಗಳೊಡನೆ ಸೇರಿಸಿ ಮನೆಯ ಕಂಬಗಳಿಗೆ ಕಟ್ಟುತ್ತಾರೆ. ಕೊಡವರು ಪುತ್ತರಿಯಂದು ಹಾಗೆಯೇ ಮಾಡುತ್ತಾರೆ. ಹುಡುಗಿಯ ಚಿತ್ರದಲ್ಲಿದ್ದ ಗೋಧಿಯ ತೆನೆಗೆ ಸರಿಯಾದ ಕನ್ನಡ ಅನುವಾದ ಈ ಭತ್ತದ ತೆನೆ.

ವಧೂವರರ ಹಣೆಗೆ ಕಟ್ಟುವ ಬಾಸಿಂಗವೂ ಇದೇ ಕಾಲಕ್ಕೆ ಋಣಿ. ಕೆರೆ, ಜೌಗುಗಳ ನೀರಿನಲ್ಲಿ ಮಳೆಗಾಲವಿಡೀ ಬೆಳೆಯುವ ಬೆಂಡು ಎಂಬ ಗಿಡವಿದೆ. ಅದರ ತೊಗಟೆ ಹೆರೆದರೆ ಒಳಗೆ ಹತ್ತಿಯಷ್ಟು ಬಿಳಿಯ, ಹತ್ತಿಯಷ್ಟೇ ಹಗುರವಾದ ತಿರುಳು. ಗಂಧದ ಕೆತ್ತನೆಗೆ ಹೆಸರಾದ ಸಾಗರ, ಸೊರಬಗಳ ಗುಡಿಗಾರರು ಈ ತಿರುಳನ್ನು ಕಾಗದದಷ್ಟು ತೆಳ್ಳಗೆ ಕೊಯ್ದು ಬಾಸಿಂಗ, ಹಾರ, ಹೂಗಳನ್ನು ಮಾಡುತ್ತಾರೆ. ಕೆರೆ ಮುಚ್ಚಿದರೆ ಬೆಂಡಿಲ್ಲ, ಬೆಂಡಿಲ್ಲದಿದ್ದರೆ ಬಾಸಿಂಗವಿಲ್ಲ. ಒಂದು ಮದುವೆಯ ಅಲಂಕಾರ ಊರಿನ ಕೆರೆಯ ಆರೋಗ್ಯವನ್ನು ಹೇಳುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಇಷ್ಟು ಹೇಳಿದ ಮೇಲೆ, ಹಳೆಯದೆಲ್ಲವನ್ನೂ ಹೊಗಳಿ ಮುಗಿಸಿದರೆ ನಾನು ಅಪ್ರಾಮಾಣಿಕಳಾಗುತ್ತೇನೆ. ನನ್ನ ಬಾಲ್ಯದ ಮದುವೆಗಳಲ್ಲಿ ಚಪ್ಪರಕ್ಕೆ ಸೊಪ್ಪು ಕಡಿದು ತರುವವರು ಯಾರು, ಸೋಗೆ ಹೊರುವವರು ಯಾರು, ಕೆಮ್ಮಣ್ಣು ತರುವವರು ಯಾರು ಎಂಬುದು ಹುಟ್ಟಿನಿಂದಲೇ ನಿಶ್ಚಿತವಾಗಿತ್ತು. ಆ ಚಪ್ಪರವನ್ನು ಕಟ್ಟಿದವರು ಅದರ ನೆರಳಿನಲ್ಲಿ ಕುಳಿತು ಉಂಡದ್ದನ್ನು ನಾನು ಕಂಡಿಲ್ಲ. ಅವರ ಎಲೆ ಬೀಳುತ್ತಿದ್ದದ್ದು ಹಿತ್ತಲಿನ ಆಚೆ, ಎಲ್ಲರದೂ ಆದ ಮೇಲೆ. ಗುತ್ತಿಗೆದಾರನಿಗೆ ಹಣ ಎಣಿಸಿಕೊಟ್ಟು ಮುಗಿಸುವ ಇಂದಿನ ಪದ್ಧತಿಯಲ್ಲಿ ಆ ಅವಮಾನವಿಲ್ಲ ಎಂಬುದನ್ನು ಒಪ್ಪಬೇಕು. ಆದ್ದರಿಂದ ನಾವು ಹಿಂದಕ್ಕೆ ಹೋಗುವುದಾದರೆ ಕಣ್ಣು ತೆರೆದುಕೊಂಡು ಹೋಗಬೇಕು. ಹೇಳಿ ತರಿಸುವುದು ಬೇರೆ, ಕೇಳಿ ತರುವುದು ಬೇರೆ. ಹಳೆಯ ಚಪ್ಪರದ ಹಸಿರನ್ನು ಉಳಿಸಿಕೊಂಡು, ಅದರೊಳಗಿದ್ದ ಅಪ್ಪಣೆಯನ್ನು ಬಿಡಬೇಕು.

ನಮ್ಮ ಮನೆಯ ಮದುವೆಯಲ್ಲಿ ನಾವು ಹಾಗೆ ಮಾಡಲು ಪ್ರಯತ್ನಿಸಿದೆವು. ಕಲ್ಯಾಣಮಂಟಪ ಬಿಟ್ಟು ಮನೆಯ ಅಂಗಳದಲ್ಲೇ ಎಂದು ತೀರ್ಮಾನವಾಯಿತು. ಹಸೆಚಿತ್ತಾರಕ್ಕೆ ಪಕ್ಕದ ಊರಿನ ಹಿರಿಯ ಹೆಂಗಸೊಬ್ಬರನ್ನು ತಂಗಿಯೇ ಹೋಗಿ ಕರೆದಳು. ಅವರು ಮೂರು ದಿನ ಬಂದು ಗೋಡೆ ಬರೆದರು. ಅವರ ಕೆಲಸಕ್ಕೆ ತಕ್ಕ ಹಣ ಸಂದಿತು. ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ಅವರ ಎಲೆಯಿತ್ತು. ಮದುಮಗಳು ಅವರ ಪಕ್ಕದಲ್ಲಿ ಕುಳಿತು ಪುಂಡಿನಾರಿನ ಕುಂಚದಿಂದ ಒಂದು ಮೂಲೆಯ ನಾಲ್ಕು ಗೆರೆ ಎಳೆದಳು. ಗೆರೆ ಸೊಟ್ಟಗಿದ್ದವು. ಆಕೆ ಅದನ್ನು ಅಳಿಸಗೊಡದೆ, “ಇರಲಿ ಮಗಾ, ಅದು ನಿನ್ನ ಕೈ” ಎಂದರು.

ಹಾಲುಗಂಬದ ಮಾತು ಬಂದಾಗ ಮಾತ್ರ ಎಲ್ಲರೂ ಸುಮ್ಮನಾದೆವು. ನಮ್ಮ ಅತ್ತಿಯ ಮರ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಹತ್ತಿರದಲ್ಲಿ ಉಳಿದದ್ದು ಕೆಳಗಿನ ಮನೆಯವರ ತೋಟದ ಅಂಚಿನಲ್ಲಿದ್ದ ಒಂದೇ ಮರ. ಅವರಿಗೂ ನಮಗೂ ತೋಟದ ಅಗಳದ ಬಗ್ಗೆ ವ್ಯಾಜ್ಯ. ಆರು ವರ್ಷದಿಂದ ಮಾತಿಲ್ಲ, ಹೋಗಿಬರುವುದಿಲ್ಲ. ತಂಗಿಯ ಯಜಮಾನರು, “ಯಾವುದಾದರೂ ಮರದ ಕೊಂಬೆ ಸಾಕು” ಎಂದರು. ಹುಡುಗಿ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಒಬ್ಬಳೇ ಹೊರಟಳು. ಒಂದು ಗಂಟೆ ಕಳೆಯಿತು. ತಂಗಿ ಬಾಗಿಲಿಗೂ ಅಂಗಳಕ್ಕೂ ಓಡಾಡಿದಳು. ಕೊನೆಗೆ ತೋಟದ ದಾರಿಯಲ್ಲಿ ಕಂಡದ್ದು ಮುಂದೆ ಹುಡುಗಿ, ಹಿಂದೆ ಆ ಮನೆಯ ಎಪ್ಪತ್ತು ದಾಟಿದ ಯಜಮಾನರು. ಅವರ ಹೆಗಲ ಮೇಲೆ ಎಲೆ ಸಮೇತವಾದ ಅತ್ತಿಯ ಕೊಂಬೆ. ಹುಡುಗಿ ಹೊರ ಬಂದರೆ ಬಿಟ್ಟಿರಲಿಲ್ಲವಂತೆ. ಅಂಗಳದಲ್ಲಿ ಕೊಂಬೆ ಇಳಿಸಿ, “ಕಂಬದ ಗುಂಡಿ ಎಲ್ಲಿ ತೆಗೆದಿದ್ದೀರಿ?” ಎಂದು ಕೇಳಿದರು. ಅವರ ಮತ್ತು ನಮ್ಮ ಮನೆಯ ನಡುವೆ ಆರು ವರ್ಷದ ಮೇಲೆ ಬಂದ ಮೊದಲ ಮಾತು ಅದು. ಕಂಬ ನೆಟ್ಟು, ಹಾಲೆರೆದು, ಬುಡದ ಮಣ್ಣು ತುಳಿದು ಗಟ್ಟಿಮಾಡುವವರೆಗೂ ಅವರು ಅಲ್ಲೇ ನಿಂತಿದ್ದರು. ತಂಗಿಯ ಯಜಮಾನರು ಒಳಗಿನಿಂದ ತಾವೇ ಕಾಫಿ ತಂದು ಕೊಟ್ಟರು. ಅಗಳದ ವ್ಯಾಜ್ಯ ಇಂದಿಗೂ ಬಗೆಹರಿದಿಲ್ಲ. ಆದರೆ ಮಾತು ಬಂದಿದೆ.

ಬಾಡಿಗೆಯ ಅಲಂಕಾರ ಯಾರನ್ನೂ ಏನನ್ನೂ ಕೇಳುವುದಿಲ್ಲ, ಹಣವೊಂದಿದ್ದರೆ ಸಾಕು. ಎಲೆಯ ಅಲಂಕಾರಕ್ಕಾದರೋ ಕೇಳಲೇಬೇಕು. ಒಬ್ಬರ ಮನೆಯ ಮಾವು, ಇನ್ನೊಬ್ಬರ ಗದ್ದೆಯ ತೆನೆ, ಮತ್ತೊಬ್ಬರ ಹಿತ್ತಲಿನ ಕೋಳಿಜುಟ್ಟು. ಕೇಳಲು ಹೋದವರು ಕೂರುತ್ತಾರೆ, ನೀರು ಕುಡಿಯುತ್ತಾರೆ, ಹಿಂದಿನ ಮದುವೆಯ ನೆನಪು ತೆಗೆಯುತ್ತಾರೆ. ಚಪ್ಪರ ಏಳುವ ಮೊದಲೇ ಮದುವೆ ಆರಂಭವಾಗಿರುತ್ತದೆ. ನೆಲವು ಆ ತಿಂಗಳು ಏನು ಕೊಡುತ್ತದೆ ಎಂದು ಕಣ್ಣಿಟ್ಟು ನೋಡುವುದು, ಅದನ್ನು ಬೆಳೆಸಿದವರ ಬಾಗಿಲಿಗೆ ಹೋಗಿ ಕೇಳುವುದು: ಶರತ್ಕಾಲದ ಅಲಂಕಾರದ ಬಗ್ಗೆ ನಾನು ಕಲಿತದ್ದು ಇಷ್ಟೇ. ಪೇಟೆಯಲ್ಲಿ ಬದುಕುವವರಿಗೂ ಇದು ಅಸಾಧ್ಯವಲ್ಲ. ಕಲ್ಯಾಣಮಂಟಪದಲ್ಲೇ ಮದುವೆಯಾಗಲಿ, ಬಾಗಿಲಿಗೆ ಒಂದು ತೆನೆಯ ತೋರಣ, ಮಂಟಪದ ನಾಲ್ಕು ಮೂಲೆಗೆ ಕಬ್ಬಿನ ಜಲ್ಲೆ, ಬಾಳೆದಿಂಡಿಗೆ ಊರಿದ ಸೇವಂತಿಗೆ, ಊಟದ ಸಾಲಿನಲ್ಲಿ ನೆಲ್ಲಿಯ ದೀಪ ಇವಕ್ಕೆ ಹೆಚ್ಚಿನ ಹಣವೂ ಬೇಡ, ಹೆಚ್ಚಿನ ಜಾಗವೂ ಬೇಡ.

ಮದುವೆಯ ಮರುದಿನ ಚಪ್ಪರ ಬಿಚ್ಚಿದೆವು. ದಿಂಡು, ಬಾಳೆಯೆಲೆಗಳು ಕೊಟ್ಟಿಗೆಗೆ ಹೋದವು. ಸೊಪ್ಪು ಗೊಬ್ಬರದ ಗುಂಡಿಗೆ. ದಬ್ಬೆಗಳು ತೋಟದ ಬೇಲಿಗೆ. ಭತ್ತದ ತೋರಣವನ್ನು ಅಂಗಳದ ಮಾವಿನ ಕೊಂಬೆಗೆ ಕಟ್ಟಿದೆವು. ಎರಡು ದಿನ ಗುಬ್ಬಿ, ರಾಟವಾಳಗಳ ಸಂತೆ. ಹುಡುಗಿ ಗಂಡನ ಮನೆಗೆ ಹೊರಡುವಾಗ ಕಾಗದದ ಪೊಟ್ಟಣವೊಂದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಳು. ಒಳಗಿದ್ದದ್ದು ಒಣಗಿದ ಕೋಳಿಜುಟ್ಟಿನ ಹೂ. ಬಣ್ಣ ಮಾಸಿರಲಿಲ್ಲ, ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜಗಳು ತುಂಬಿದ್ದವು. ಮೂರನೆಯ ಮಹಡಿಯಲ್ಲಿ ಕುಂಡವಿಡುವಷ್ಟು ಜಾಗವಿದೆಯಂತೆ. ಹಾಲುಗಂಬವನ್ನು ಮಾತ್ರ ಕೀಳಲಿಲ್ಲ. ಅತ್ತಿಯ ಕೊಂಬೆ ಒಮ್ಮೊಮ್ಮೆ ನೆಲದಲ್ಲೇ ಬೇರು ಬಿಡುತ್ತದೆ. ಕಳೆದ ವಾರ ನೋಡಿದೆ, ಬುಡದಿಂದ ಒಂದು ಗೇಣು ಮೇಲೆ ಚಿಗುರು ಬಂದಿದೆ. ಮುಂದೆ ಯಾರದಾದರೂ ಮದುವೆಗೆ ಕೊಂಬೆ ಬೇಕಾದರೆ, ಅವರು ನಮ್ಮ ಬಾಗಿಲಿಗೆ ಬಂದು ಕೇಳಬಹುದು.